ಎಲೆ ಸೊಂಪು, ಹೂವಿಲ್ಲ

ಪ್ರಶ್ನೆ: ಕುಂಡದ ಬೋಗನ್‌ವಿಲ್ಲಾಗೆ ದಿನಾ ನೀರು, ತಿಂಗಳಿಗೊಮ್ಮೆ ಯೂರಿಯಾ ಹಾಕುತ್ತೇನೆ. ಎರಡು ವರ್ಷದಿಂದ ಒಂದು ಹೂವೂ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮುದ್ದೇ ಜಾಸ್ತಿಯಾಗಿದೆ! ನಾನೂ ಮೊದಲು ಹೀಗೇ ಮಾಡಿ ಬರೀ ಎಲೆ, ಮುಳ್ಳು ಬೆಳೆಸಿದ್ದೆ. ಯೂರಿಯಾದಲ್ಲಿರುವುದು ಸಾರಜನಕ. ಅದು ಹೂವಿಗಲ್ಲ, ಎಲೆಗೆ. ಇವತ್ತೇ ನಿಲ್ಲಿಸಿ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೀಳುವ ಕಡೆ ಕುಂಡ ಇಡಿ. ಮಣ್ಣಿಗೆ ಬೆರಳು ತೂರಿಸಿ ನೋಡಿ, ಒಂದೆರಡು ಇಂಚು ಒಣಗಿದ್ದರೆ ಮಾತ್ರ ನೀರು. ಎಲೆ ತುಸು ಬಾಡಿದರೆ ಹೆದರಬೇಡಿ. ಅಂದಹಾಗೆ, ನಾವು ಹೂ ಅನ್ನುವ ಆ ಬಣ್ಣದ್ದೂ ಒಂದು ಬಗೆಯ ಎಲೆಯೇ; ನಿಜವಾದ ಹೂ ನಡುವಿನ ಪುಟ್ಟ ಕೊಳವೆ. ಅದು ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಉದ್ದ ಕೊಂಬೆಗಳ ತುದಿ ಕತ್ತರಿಸಿ. ಆಗ ದಪ್ಪ ಗ್ಲೌಸ್ ಹಾಕಿಕೊಳ್ಳಿ, ನನ್ನ ಕೈಮೇಲಿನ ಗೀರುಗಳೇ ಸಾಕ್ಷಿ.