ಮಗನ ಕೈಯಲ್ಲಿ ನಾಲ್ಕು ಲಕ್ಷದ ವಾಚು

ಮಂಡ್ಯದಿಂದ ಒಬ್ಬ ಓದುಗರು ಮೂರು ಪುಟದ ಪತ್ರ ಬರೆದಿದ್ದಾರೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಲೆಕ್ಕದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಮಗ ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಯುಗಾದಿಗೆ ಊರಿಗೆ ಬಂದಾಗ ಅವನ ಕೈಯಲ್ಲಿ ಹೊಸ ಸ್ವಿಸ್ ವಾಚು. ಬೆಲೆ ಕೇಳಿದರೆ ಹೇಳಲಿಲ್ಲ. ಸೊಸೆ ಬಾಯಿತಪ್ಪಿ ಹೇಳಿಬಿಟ್ಟಳು: ನಾಲ್ಕು ಲಕ್ಷ ಹತ್ತು ಸಾವಿರ. ಅವತ್ತಿನಿಂದ ಅಪ್ಪ-ಮಗನಿಗೆ ಮಾತಿಲ್ಲ.

‘ಆ ದುಡ್ಡಿನಲ್ಲಿ ಊರ ಮನೆಗೆ ತಾರಸಿ ಹಾಕಿಸಬಹುದಿತ್ತು. ಟೈಮು ಮೊಬೈಲಿನಲ್ಲೇ ಸಿಗುತ್ತೆ. ನನ್ನ ಮದುವೆಯಲ್ಲಿ ಮಾವನವರು ಕಟ್ಟಿದ ಎಚ್‌ಎಂಟಿ ಜನತಾ ಇವತ್ತಿಗೂ ಓಡುತ್ತಿದೆ. ದಿನಾ ಬೆಳಗ್ಗೆ ಕಾಫಿ ಕುಡಿದು ಕೀ ಕೊಡುತ್ತೇನೆ. ಕೇಳಿದರೆ ಇದು ಇನ್ವೆಸ್ಟ್‌ಮೆಂಟ್ ಅಪ್ಪ ಅನ್ನುತ್ತಾನೆ. ಈ ಜನ ಯಾಕೆ ಇಂಥ ವಾಚು ಕೊಳ್ಳುತ್ತಾರೆ, ದಯವಿಟ್ಟು ತಿಳಿಸಿ’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಕೊನೆಯ ಪುಟದಲ್ಲಿ ‘ಅವನ ದುಡ್ಡು, ಅವನಿಷ್ಟ’ ಎಂದು ಬರೆದು, ಮತ್ತೆ ಅದನ್ನು ಹೊಡೆದುಹಾಕಿದ್ದೀರಿ. ಆ ಸಾಲು ನೋಡಿದ ಮೇಲೆ ಚಿಕ್ಕದಾಗಿ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಟೈಮಿನ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಸ್ವಿಟ್ಜರ್ಲೆಂಡಿನಲ್ಲಿ ವಾಚಿನ ಮೆಷೀನನ್ನು ಪರೀಕ್ಷೆ ಮಾಡಿ ಕ್ರೋನೋಮೀಟರ್ ಎಂದು ಸರ್ಟಿಫಿಕೇಟ್ ಕೊಡುವ ಸಂಸ್ಥೆಯೊಂದಿದೆ. ಅದರ ನಿಯಮದ ಪ್ರಕಾರ ಒಂದು ವಾಚು ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಬೀಳಬಹುದು, 6 ಸೆಕೆಂಡು ಮುಂದೆ ಓಡಬಹುದು. ಇದು ಒಳ್ಳೊಳ್ಳೆ ವಾಚುಗಳಿಗೆ ಸಿಗುವ ಸರ್ಟಿಫಿಕೇಟು. ದೇವರಾಜ ಮಾರ್ಕೆಟ್ಟಿನ ಹೊರಗೆ ನಾನೂರು ರೂಪಾಯಿಗೆ ಸಿಗುವ ಸೆಲ್ ವಾಚು ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡು ತಪ್ಪಿದರೆ ಹೆಚ್ಚು. ಅದರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಲೆಕ್ಕದ ಮೇಷ್ಟ್ರಿಗೆ ಗೊತ್ತಿರುತ್ತದೆ, ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಪ್ರತಿ ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಆ ಒಂದು, ಒಂದು ಸೆಕೆಂಡು.

ಈ ಸತ್ಯ ಸ್ವಿಸ್ಸಿನವರಿಗೆ ತಿಳಿದದ್ದು ಬಹಳ ನೋವಿನಿಂದ. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಕಂಪನಿ ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ವಾಚನ್ನು ಟೋಕಿಯೋದಲ್ಲಿ ಮಾರಾಟಕ್ಕೆ ಬಿಟ್ಟಿತು. ಬೆಲೆ 4,50,000 ಯೆನ್. ಅಲ್ಲಿ ಆಗ ಒಂದು ಸಣ್ಣ ಕಾರು ಬರುವಷ್ಟು ದುಡ್ಡು. ಅಂದರೆ ಸೆಲ್ ವಾಚು ಹುಟ್ಟಿದಾಗ ಅದೇ ಶ್ರೀಮಂತರ ವಾಚು! ಹತ್ತು ಹದಿನೈದು ವರ್ಷದಲ್ಲಿ ಅದು ಎಲ್ಲರ ಕೈಗೂ ಬಂತು. 1970ರ ಸುಮಾರಿಗೆ ಸ್ವಿಸ್ ವಾಚಿನ ಕೆಲಸದಲ್ಲಿ ತೊಂಬತ್ತು ಸಾವಿರದಷ್ಟು ಜನ ಇದ್ದರು. 1980ರ ದಶಕದ ಮಧ್ಯಕ್ಕೆ ಬರುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಜನ ಕೆಲಸ ಕಳೆದುಕೊಂಡಿದ್ದರು. ಊರೂರೇ ಖಾಲಿ ಕೂತವು. ನಿಖರ ಟೈಮು ಮಾರಿ ಬದುಕುವುದು ಇನ್ನು ಆಗದು ಅಂತ ಉಳಿದವರಿಗೆ ಅರ್ಥವಾಯಿತು. ಆಮೇಲೆ ಅವರು ಮಾರಿದ್ದು ಟೈಮನ್ನಲ್ಲ, ವಾಚಿನ ಹಿಂದಿನ ಕಥೆಯನ್ನು.

ಅದರ ಬೀಜ ಹಳೆಯದು. ನಮ್ಮ ಮೈಸೂರಿನ ದೊಡ್ಡ ಗಡಿಯಾರ ಎದ್ದು ನಿಂತದ್ದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ತುಂಬಿದಾಗ. ಕನ್ನಡ ಅಂಕಿಗಳ ಗಡಿಯಾರ, ಎಪ್ಪತ್ತೈದು ಅಡಿ ಗೋಪುರ. ಊರಿಗೆಲ್ಲ ಒಂದೇ ಟೈಮು. ತಲೆ ಎತ್ತಿ ನೋಡಿದರೆ ಸಾಕು, ದುಡ್ಡು ಕೊಡಬೇಕಾಗಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ಹೆಣ್ಣುಮಗಳು ಇಂಗ್ಲಿಷ್ ಕಾಲುವೆ, ಅಂದರೆ ಇಂಗ್ಲೆಂಡ್-ಫ್ರಾನ್ಸ್ ನಡುವಿನ ಸಮುದ್ರ, ಈಜಿ ದಾಟಿದಳು. ಬೇರೆ ಯಾರೋ ತಾವೂ ಈಜಿದ್ದೇವೆ ಎಂದು ಸುಳ್ಳು ಹೇಳಿದ್ದರಿಂದ ಇವಳ ಮಾತನ್ನೂ ಜನ ಅನುಮಾನಿಸಿದರು. ಅಕ್ಟೋಬರಿನ ಕೊರೆಯುವ ನೀರಿಗೆ ಮತ್ತೆ ಇಳಿದಳು. ಈ ಸಲ ಕುತ್ತಿಗೆಗೆ ರೋಲೆಕ್ಸ್ ಕಂಪನಿಯ ಒಂದು ವಾಚು ಕಟ್ಟಿಕೊಂಡಿದ್ದಳು. ಹತ್ತು ಗಂಟೆ ಆದ ಮೇಲೆ ಮೈ ಸೆಟೆದು, ದಡ ಮುಟ್ಟುವ ಮೊದಲೇ ಅವಳನ್ನು ದೋಣಿಗೆ ಎತ್ತಿಕೊಂಡರು. ವಾಚು ಮಾತ್ರ ಓಡುತ್ತಲೇ ಇತ್ತು. ಕಂಪನಿ ಕಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್ ಲಂಡನ್ನಿನ ಪತ್ರಿಕೆಯೊಂದರ ಮುಖಪುಟಕ್ಕೆ ದುಡ್ಡು ಕೊಟ್ಟು ಆ ಕಥೆ ಹಾಕಿಸಿದ. ನೀರು ಹೊಗದ ವಾಚು ಅಂತ ಹೇಳುವುದು ಬೇರೆ. ಹತ್ತು ಗಂಟೆ ಸಮುದ್ರದಲ್ಲಿದ್ದ ಹೆಣ್ಣುಮಗಳ ಜೊತೆ ಇದ್ದದ್ದು ಅನ್ನುವುದು ಬೇರೆ. ಅಲ್ವಾ? ಕೊಳ್ಳುವವನಿಗೆ ಆ ಸಮುದ್ರದ ಒಂದು ತುಣುಕೂ ಸಿಕ್ಕ ಹಾಗೆ ಅನ್ನಿಸುತ್ತದೆ.

ಪಟೆಕ್ ಫಿಲಿಪ್ ಎಂಬ ಇನ್ನೊಂದು ಕಂಪನಿ 1996ರಿಂದ ಒಂದೇ ಬಗೆಯ ಜಾಹೀರಾತು ಕೊಡುತ್ತಾ ಬಂದಿದೆ. ಈ ವಾಚು ನಿಮ್ಮದಲ್ಲ, ಮುಂದಿನ ಪೀಳಿಗೆಗಾಗಿ ನೀವು ಜೋಪಾನ ಮಾಡುತ್ತಿದ್ದೀರಿ ಎನ್ನುವುದು ಅದರ ತಾತ್ಪರ್ಯ. ಖರ್ಚನ್ನು ಕರ್ತವ್ಯ ಮಾಡಿಬಿಡುವ ಮಾತು ಇದು. ನನಗೆ ಇದು ಹಿಡಿಸುವುದಿಲ್ಲ, ಆದರೆ ನಾಟುತ್ತದೆ ಎನ್ನುವುದನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಮಗ ಜಾಹೀರಾತಿಗೆ ಮರುಳಾಗಿ ಕೊಂಡ ಎಂದು ಬರೆದರೆ ನಾನು ಅರ್ಧ ಮಾತ್ರ ಹೇಳಿದ ಹಾಗೆ. ನನಗೆ ಅನ್ನಿಸುವುದು ಇದು: ವಾಚು ಗಂಡಸಿನ ಒಡವೆ.

ಕೈಗೆ ಕಟ್ಟುವ ವಾಚು ಮೊದಲು ಬಂದದ್ದೇ ಹೆಂಗಸರ ಒಡವೆಯಾಗಿ. ಯುರೋಪಿನ ಗಂಡಸರು ಜೇಬಿನಲ್ಲಿ ಸರಪಳಿ ಗಡಿಯಾರ ಇಟ್ಟುಕೊಳ್ಳುತ್ತಿದ್ದರು, ಕೈಗೆ ಕಟ್ಟುವುದೆಂದರೆ ಬಳೆ ತೊಟ್ಟ ಹಾಗೆ ಅಂದುಕೊಂಡಿದ್ದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಒಂದು ಕೈಯಲ್ಲಿ ಬಂದೂಕು ಹಿಡಿದು ಇನ್ನೊಂದು ಕೈಯಿಂದ ಜೇಬು ತಡಕುವುದು ಆಗುತ್ತಿರಲಿಲ್ಲ. ಹಾಗೆ ವಾಚು ಗಂಡಸಿನ ಕೈಗೆ ಬಂತು, ಒಡವೆಯ ಗುಣ ಬಿಡಲಿಲ್ಲ.

ನಮ್ಮ ಕಡೆ ಮದುವೆ ಮಾತುಕತೆ ನೆನಪು ಮಾಡಿಕೊಳ್ಳಿ. ಹುಡುಗನಿಗೆ ಏನು ಕೊಡ್ತೀರಿ ಅಂದರೆ ‘ವಾಚು, ಉಂಗುರ, ಸೂಟು’. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಮದುಮಗ ಹೊತ್ತು ನೋಡಲಿ ಅಂತ ಕೊಟ್ಟದ್ದಲ್ಲ ಅದು. ಹೆಣ್ಣುಮಕ್ಕಳಿಗೆ ಜೀವನದ ಒಂದೊಂದು ಘಟ್ಟಕ್ಕೂ ಒಂದೊಂದು ಒಡವೆ ಇದೆ. ಹುಟ್ಟಿದಾಗ, ಮದುವೆಗೆ, ಸೀಮಂತಕ್ಕೆ. ಮೈಸೂರು ಸಿಲ್ಕ್ ಸೀರೆಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಕ್ಯೂ ನಿಲ್ಲುವ ಊರು ನಮ್ಮದು. ನಾನೂರು ರೂಪಾಯಿ ಸೀರೆಯೂ ಮೈ ಮುಚ್ಚುತ್ತಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಗಂಡಸು ತನ್ನ ಬದುಕಿನ ಒಂದು ಘಟ್ಟವನ್ನು ಮೈಮೇಲೆ ಹಾಕಿಕೊಂಡು ಓಡಾಡಬೇಕೆಂದರೆ ಅವನಿಗೆ ಇರುವುದು ಒಂದು ಉಂಗುರ, ಒಂದು ವಾಚು. ನಿಮ್ಮ ಮಗ ಮೈಸೂರಿನ ಮನೆಯ ಸಾಲ ತೀರಿಸಿದ ತಿಂಗಳೇ ವಾಚು ತಂದ ಎಂದು ನೀವೇ ಎರಡನೇ ಪುಟದಲ್ಲಿ ಬರೆದಿದ್ದೀರಿ. ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಸಾಲಿನ ಹತ್ತಿರ ಸ್ವಲ್ಪ ನಿಲ್ಲಿ ಮೇಷ್ಟ್ರೇ.

ತೋರಿಸಿಕೊಳ್ಳಲು ಕೊಳ್ಳುವವರು ಇಲ್ಲವೇ ಅಂದರೆ, ಇದ್ದಾರೆ, ಜಾಸ್ತಿಯೇ ಇದ್ದಾರೆ. ಕಲ್ಯಾಣಮಂಟಪದಲ್ಲಿ ಊಟಕ್ಕೆ ಕೂತಾಗ ತೋಳು ಮಡಚುವ ರೀತಿಯಲ್ಲೇ ಗೊತ್ತಾಗುತ್ತದೆ. ಕೈಯ ವಾಚು ಎಷ್ಟು ಮಾತಾಡುತ್ತದೆ ಎನ್ನುವುದನ್ನು ಕರ್ನಾಟಕ 2016ರಲ್ಲಿ ನೋಡಿತು. ಆಗ ಮುಖ್ಯಮಂತ್ರಿಯಾಗಿದ್ದ ನಮ್ಮ ಜಿಲ್ಲೆಯ ಸಿದ್ದರಾಮಯ್ಯನವರು ಕಟ್ಟಿದ್ದ ಹ್ಯೂಬ್ಲೋ ವಾಚಿನ ಬಗ್ಗೆ ವಿಧಾನಸಭೆಯಲ್ಲಿ ಗದ್ದಲವಾಯಿತು. ಸ್ನೇಹಿತರು ಕೊಟ್ಟ ಉಡುಗೊರೆ ಎಂದು ಅವರು ಹೇಳಿದರು, ಕೊನೆಗೆ ವಾಚನ್ನು ಸರ್ಕಾರಕ್ಕೇ ಒಪ್ಪಿಸಿದರು. ಅಲ್ಲಿಯವರೆಗೆ ಆ ಹೆಸರೇ ಕೇಳದಿದ್ದ ಜನ ಟೀ ಅಂಗಡಿಯಲ್ಲಿ ಅದರ ಬೆಲೆ ಚರ್ಚೆ ಮಾಡಿದರು. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ತೀರ್ಮಾನ ಮಾಡಿತ್ತು. ಆ ಸುದ್ದಿಗೆ ಅಷ್ಟು ಚರ್ಚೆ ಆಗಲಿಲ್ಲ. ನನಗೆ ಆಗಲೂ ಬೇಜಾರಾಗಿತ್ತು, ಈಗಲೂ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ನಮ್ಮ ಅಪ್ಪಂದಿರ ಕೈಗೆಲ್ಲ ವಾಚು ಕಟ್ಟಿತು.

ಈಗ ನಿಮ್ಮ ಜನತಾ ವಿಷಯ. ನಿಮ್ಮ ಪತ್ರ ಬಂದ ಮೇಲೆ ದೊಡ್ಡ ಗಡಿಯಾರದ ಹತ್ತಿರದ ಒಂದು ಸಣ್ಣ ವಾಚ್ ರಿಪೇರಿ ಅಂಗಡಿಗೆ ಹೋಗಿದ್ದೆ. ಎರಡು ಜನ ನಿಂತರೆ ತುಂಬುವ ಜಾಗ. ಯಾರೋ ಸರ್ವೀಸಿಗೆ ಕೊಟ್ಟಿದ್ದ ಜನತಾ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಅಂಗಡಿಯವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಲೆನ್ಸ್ ತೆಗೆದು ನನ್ನ ಕೈಗೆ ಕೊಟ್ಟರು. ನೋಡಿದೆ. ಒಂದು ಪುಟ್ಟ ಚಕ್ರ ಆ ಕಡೆ ಈ ಕಡೆ ತೂಗುತ್ತಿತ್ತು. ಅದರ ನಡುವೆ ಕೂದಲಿಗಿಂತ ತೆಳುವಾದ ಒಂದು ಸುರುಳಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಮಲಗಿದ ಮಗುವಿನ ಹೊಟ್ಟೆಯ ಹಾಗೆ. ಪಕ್ಕದಲ್ಲಿ ದಾಳಿಂಬೆ ಕಾಳಿನ ಬಣ್ಣದ ಪುಟ್ಟ ಪುಟ್ಟ ಕಲ್ಲು. ಒಟ್ಟು ಹದಿನೇಳು ಕಲ್ಲು, ಅದಕ್ಕೇ ಡಯಲ್ ಮೇಲೆ 17 ಜುವೆಲ್ಸ್ ಎಂದು ಬರೆದಿರುತ್ತದೆ. ‘ಟಿಕ್ ಅನ್ನೋದು ಓಡೋ ಸದ್ದಲ್ಲ ಸಾರ್, ತಡೆಯೋ ಸದ್ದು’ ಎಂದರು ಅವರು. ಸ್ಪ್ರಿಂಗಿನ ಬಲ ಒಂದೇ ಸಲ ಬಿಚ್ಚಿಕೊಳ್ಳದ ಹಾಗೆ ಒಂದು ಪುಟ್ಟ ಕವೆ ಹಲ್ಲಿನ ಚಕ್ರವನ್ನು ಹಿಡಿದು ಬಿಡುತ್ತದೆ, ಹಿಡಿದು ಬಿಡುತ್ತದೆ. ಸೆಕೆಂಡಿಗೆ ಐದು ಸಲ. ಗಂಟೆಗೆ 18,000. ದಿನಕ್ಕೆ ಎಷ್ಟಾಯಿತು ಎಂದು ನೀವು ಆಗಲೇ ಗುಣಿಸಿರುತ್ತೀರಿ: 4,32,000. ಪಂಚಾಂಗದಲ್ಲಿ ಕಲಿಯುಗದ ವರ್ಷಗಳ ಲೆಕ್ಕವೂ ಅಷ್ಟೇ! ಯಾರೂ ಹೊಂದಿಸಿದ್ದಲ್ಲ, ಸುಮ್ನೆ ಕೂಡಿಬಂದದ್ದು. ಆದರೂ ಮೈ ಜುಮ್ಮೆಂದಿತು.

ನಿಮ್ಮ ಮಗನ ವಾಚಿನೊಳಗೆ ಇರುವುದೂ ಇದೇ ಸಂಸಾರ. ಇವತ್ತಿನ ಸ್ವಿಸ್ ವಾಚುಗಳಲ್ಲಿ ಬಹಳಷ್ಟು ಗಂಟೆಗೆ 28,800 ಸಲ ಬಡಿಯುತ್ತವೆ. ಕೆಲಸ ಇನ್ನೂ ನಯ, ಕೈ ಆಡಿದರೆ ತಾನೇ ಕೀ ತುಂಬಿಕೊಳ್ಳುತ್ತದೆ. ಸೆಲ್ಲಿಲ್ಲ, ಚಾರ್ಜಿಲ್ಲ. ಇಡೀ ದಿನ ಸ್ಕ್ರೀನ್ ಮುಂದೆ ಕೂತು, ಇವತ್ತು ಮಾಡಿದ ಕೆಲಸ ಮುಂದಿನ ವರ್ಷ ಗುರುತಿಗೂ ಸಿಗದಂಥ ಉದ್ಯೋಗ ಮಾಡುವ ಹುಡುಗರಿಗೆ ಇಂಥ ವಸ್ತುವಿನ ಮೇಲೆ ಮನಸ್ಸು ಹೋಗುವುದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ. ನೀವು ದಿನಾ ಕೀ ಕೊಡುವುದೂ ಟೈಮಿಗಾಗಿ ಅಲ್ಲ ಅಂತ ನನಗನ್ನಿಸುತ್ತದೆ. ಮೊಬೈಲು ನಿಮ್ಮ ಜೇಬಿನಲ್ಲೂ ಇದೆ.

ಇನ್ನು ಮಗ ಹೇಳಿದ ಮಾತು, ಇನ್ವೆಸ್ಟ್‌ಮೆಂಟ್. ಇಲ್ಲಿ ನಾನು ಪೂರ್ತಿ ನಿಮ್ಮ ಪರ. ಅದು ಇನ್ವೆಸ್ಟ್‌ಮೆಂಟ್ ಅಲ್ಲ. ಎರಡು ಮೂರು ಕಂಪನಿಗಳ ಕೆಲವೇ ಮಾಡೆಲ್‌ಗಳಿಗೆ ಕೊಂಡದ್ದಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ. ಆ ಮಾಡೆಲ್‌ಗಳು ಅಂಗಡಿಗೆ ಹೋದ ತಕ್ಷಣ ಸಿಗುವುದೂ ಇಲ್ಲ, ಹೆಸರು ಬರೆಸಿ ಕಾಯಬೇಕು. ಉಳಿದವು ಅಂಗಡಿ ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಕೊರೊನಾ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ವಾಚುಗಳ ಬೆಲೆ ಹುಚ್ಚೆದ್ದು ಏರಿತು. 2022ರ ಮಧ್ಯದಿಂದ ಇಳಿಯಿತು, ತುದಿಯಲ್ಲಿ ಕೊಂಡವರು ಕೈ ಸುಟ್ಟುಕೊಂಡರು. ಚಿನ್ನವಾದರೆ ಕಷ್ಟಕಾಲಕ್ಕೆ ಗಿರವಿ ಇಡಬಹುದು, ಕರಗಿಸಿದರೂ ತೂಕಕ್ಕೆ ಬೆಲೆ ಇದೆ. ಸ್ಟೀಲಿನ ವಾಚು ಕರಗಿಸಿದರೆ ಏನು ಬರುತ್ತದೆ? ಜೊತೆಗೆ ಕೆಲವು ವರ್ಷಕ್ಕೊಮ್ಮೆ ಸರ್ವೀಸಿಗೆ ಸಾವಿರಗಟ್ಟಲೆ ಖರ್ಚು.

2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 1 ಕೋಟಿ 77 ಲಕ್ಷ ಡಾಲರ್ ದಾಟಿತು. ಹೊಸದಾಗಿದ್ದಾಗ ಅದರ ಬೆಲೆ ಕೆಲವೇ ನೂರು ಡಾಲರ್. ಅವನಿಗೆ ಕಾರ್ ರೇಸಿನ ಹುಚ್ಚು. ಹೆಂಡತಿ ಕೊಡಿಸಿದ ವಾಚು, ಹಿಂಬದಿಯಲ್ಲಿ ಅವಳು ಕೆತ್ತಿಸಿದ್ದ ಮಾತು: ಹುಷಾರಾಗಿ ಓಡಿಸು, ನಾನು. ಲಾಭದ ಆಸೆಗೆ ಕೊಟ್ಟದ್ದಲ್ಲ ಅದು.

ಮಗ ಇನ್ವೆಸ್ಟ್‌ಮೆಂಟ್ ಅಂದದ್ದು ನಿಮ್ಮ ಭಯಕ್ಕೆ ಅಂತ ನನಗನ್ನಿಸುತ್ತದೆ. ‘ಆಸೆಯಾಯಿತು ಅಪ್ಪ, ತಗೊಂಡೆ’ ಅಂತ ಲೆಕ್ಕದ ಮೇಷ್ಟ್ರ ಮುಂದೆ ಹೇಳುವುದು ಕಷ್ಟ. ಸಾಲ ಮಾಡಿ ತಂದಿದ್ದರೆ ನಾನೂ ನಿಮ್ಮ ಜೊತೆ ಸೇರಿ ಬೈಯುತ್ತಿದ್ದೆ. ಕಂತಿನಲ್ಲಿ ಇಂಥ ವಾಚು ತಂದು ಕಷ್ಟಪಟ್ಟವರನ್ನು ನೋಡಿದ್ದೇನೆ. ಇವನು ಸಾಲ ತೀರಿಸಿ ತಂದಿದ್ದಾನೆ. ತಾರಸಿಯ ವಿಷಯ ಬೇರೆ, ಅದನ್ನು ಬಾಯಿಬಿಟ್ಟು ಕೇಳಿ. ಪತ್ರದಲ್ಲಿ ನನಗೆ ಹೇಳಿದ್ದೀರಿ, ಅವನಿಗೆ ಹೇಳಿದ್ದೀರೋ ಇಲ್ಲವೋ ಬರೆದಿಲ್ಲ.

ಇನ್ನೊಂದು ವಿಷಯ. ಜನತಾ ಇತ್ತೀಚೆಗೆ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿದೆ, ಎಂಟು ವರ್ಷದಿಂದ ಬಿಚ್ಚಿಸಿಲ್ಲ ಎಂದಿದ್ದೀರಿ. ಒಳಗಿನ ಎಣ್ಣೆ ಒಣಗಿರುತ್ತದೆ. ಹಾಗೇ ಓಡಿಸಿದರೆ ಚಕ್ರದ ಅಚ್ಚು ಸವೆಯುತ್ತದೆ. ಈ ಶನಿವಾರ ಬೆಳಗಿನ ರೈಲಿಗೆ ಮೈಸೂರಿಗೆ ಬನ್ನಿ, ಸ್ಟೇಷನ್ನಿಗೆ ಮಗನನ್ನು ಬರಹೇಳಿ, ಇಬ್ಬರೂ ಆ ಅಂಗಡಿಗೆ ಹೋಗಿ. ದಾರಿ ಬೇಕಾದರೆ ನಮ್ಮ ಆಫೀಸಿಗೆ ಫೋನ್ ಮಾಡಿ. ಅವರು ಒಂದೂವರೆಗೆ ಊಟಕ್ಕೆ ಬಾಗಿಲು ಹಾಕುತ್ತಾರೆ, ಅದಕ್ಕೆ ಮುಂಚೆ ಹೋದರೆ ನಿಮ್ಮ ಮುಂದೆಯೇ ಬಿಚ್ಚುತ್ತಾರೆ. ಲೆನ್ಸ್ ಕೇಳಿ, ಕೊಡುತ್ತಾರೆ.

— ಸಂಪಾದಕ