ಓದುಗರ ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎಎಂಟಿ ಕಾರು ಯಾಕೆ ಹೀಗೆ ಜಗ್ಗುತ್ತೆ?

ಪ್ರಶ್ನೆ: ಸರ್, ನಾಲ್ಕು ತಿಂಗಳ ಹಿಂದೆ 2017ರ ಮಾಡೆಲ್ ಎಎಂಟಿ ಹ್ಯಾಚ್‌ಬ್ಯಾಕ್ ಸೆಕೆಂಡ್ ಹ್ಯಾಂಡ್ ತಗೊಂಡೆ, 62 ಸಾವಿರ ಕಿ.ಮೀ. ಓಡಿದೆ. ಮೊದಲು ಹತ್ತು ವರ್ಷ ಮ್ಯಾನ್ಯುಯಲ್ ಓಡಿಸ್ತಿದ್ದೆ. ಇದರಲ್ಲಿ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ತಲೆ ಮುಂದಕ್ಕೆ ಹೋಗಿ ಬರುತ್ತೆ, ಪಕ್ಕದಲ್ಲಿ ಕೂತ ಅಮ್ಮ "ಯಾಕಪ್ಪಾ ಸುಮ್‌ಸುಮ್ನೆ ಬ್ರೇಕ್ ಹಾಕ್ತೀಯಾ" ಅಂತಾರೆ. ಬೆಳಿಗ್ಗೆ ಪರವಾಗಿಲ್ಲ, ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಆದ್ಮೇಲೆ ತುಂಬಾ ಜಾಸ್ತಿ. ಗ್ಯಾರೇಜಿನವರು ಕ್ಲಚ್ ಹೋಗಿದೆ ಅಂತಾರೆ, ಮಾರಿದವರು ಎಎಂಟಿ ಎಲ್ಲಾ ಹಂಗೇ ಅಂತಾರೆ. ಯಾರನ್ನ ನಂಬಲಿ?
ಬನಶಂಕರಿಯ ಓದುಗರು, ಬೆಂಗಳೂರು

ಉತ್ತರ: ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ, ಅದಕ್ಕೇ ಕ್ಲಚ್‌ಗೆ ದುಡ್ಡು ಕೊಡೋ ಮುಂಚೆ ಎಷ್ಟು ಜರ್ಕ್ ಆ ಗಾಡಿಯ ಗುಣ, ಎಷ್ಟು ಕಾಯಿಲೆ ಅಂತ ಬೇರೆ ಮಾಡಿ ನೋಡ್ಬೇಕು.

ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್) ಅಂದ್ರೆ ನೀವು ಹತ್ತು ವರ್ಷ ಓಡಿಸಿದ ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಅದೇ ಒಂದೇ ಒಂದು ಕ್ಲಚ್ ಪ್ಲೇಟ್. ನಿಮ್ಮ ಎಡಗಾಲು ಎಡಗೈ ಮಾಡ್ತಿದ್ದ ಕೆಲಸವನ್ನ ಈಗ ಆಕ್ಚುಯೇಟರ್ ಅನ್ನೋ ಸಾಧನ ಮಾಡುತ್ತೆ, ಯಾವಾಗ ಮಾಡ್ಬೇಕು ಅಂತ ಒಂದು ಕಂಪ್ಯೂಟರ್ ಹೇಳುತ್ತೆ, ಅಷ್ಟೇ. 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೋ ಜೊತೆ ಇದು ನಮ್ಮ ದೇಶದ ಸಣ್ಣ ಕಾರುಗಳಿಗೆ ಬಂತು, ಆ ಕಿಟ್ ಇಟಲಿಯ ಮ್ಯಾಗ್ನೆಟಿ ಮರೆಲ್ಲಿಯದ್ದು. ಹಳೇ ಗೇರ್‌ಬಾಕ್ಸ್ ಮೇಲೇ ಕಿಟ್ ಕೂರಿಸೋದ್ರಿಂದ ಬೆಲೆ ಜಾಸ್ತಿ ಏರಲಿಲ್ಲ, ಮೈಲೇಜೂ ಮ್ಯಾನ್ಯುಯಲ್ ಹತ್ತಿರಕ್ಕೇ ಸಿಗ್ತು, ಮಧ್ಯಮ ವರ್ಗದ ಮನೆಗೆ ಕ್ಲಚ್ ಪೆಡಲ್ ಇಲ್ಲದ ಕಾರು ಬಂದಿದ್ದು ಹೀಗೆ, ನನಗಂತೂ ಇದು ದೊಡ್ಡ ಉಪಕಾರ ಅಂತಲೇ ಅನ್ಸುತ್ತೆ.

ಆದ್ರೆ ಗೇರ್ ಬದಲಾಗೋ ಪ್ರತಿ ಸಲ ಕ್ಲಚ್ ಹಿಡಿತ ಬಿಡ್ಲೇಬೇಕು, ಆ ಒಂದು ಕ್ಷಣ ಎಂಜಿನ್ನಿನ ಎಳೆತ ಚಕ್ರಕ್ಕೆ ಹೋಗಲ್ಲ. ಅಮ್ಮನಿಗೆ ಬ್ರೇಕ್ ಹಾಕ್ದಂಗೆ ಅನ್ಸೋದು ಇದೇ. ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ಮಧ್ಯೆ ಎಣ್ಣೆ ಇರುತ್ತೆ, ಗೇರ್ ಬದಲಾಗುವಾಗಲೂ ಎಳೆತ ಪೂರ್ತಿ ನಿಲ್ಲಲ್ಲ, ಹಾಗಾಗಿ ಅದು ನಯ. ಮ್ಯಾನ್ಯುಯಲ್‌ನಲ್ಲೂ ಈ ಖಾಲಿ ಕ್ಷಣ ಇತ್ತು ಸರ್, ಆದ್ರೆ ಆಗ ನೀವೇ ಆಕ್ಸಿಲರೇಟರ್‌ನಿಂದ ಕಾಲು ತೆಗೀತಿದ್ರಿ, ಮೈ ಅದಕ್ಕೆ ತಯಾರಾಗಿರ್ತಿತ್ತು.

ಈಗ ಹೀಗೆ ಮಾಡಿ. ಖಾಲಿ ರಸ್ತೇಲಿ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ, ಎರಡನೇ ಗೇರ್ ಕೊಡೋ ಹೊತ್ತಿಗೆ ಆಕ್ಸಿಲರೇಟರ್ ಸ್ವಲ್ಪ ಸಡಿಲ ಬಿಡಿ, ಗೇರ್ ಬಿದ್ದ ಮೇಲೆ ಮೆಲ್ಲಗೆ ಒತ್ತಿ. ಜರ್ಕ್ ಮುಕ್ಕಾಲು ಪಾಲು ಹೋದ್ರೆ ಅದು ಗಾಡಿಯ ಗುಣ, ಗೇರ್ ತಾನಾಗೇ ಬದಲಾಗೋ ಡಿ ಮೋಡ್‌ನಲ್ಲೂ ಆ ಹೊತ್ತಿಗೆ ಕಾಲು ಹಗುರ ಮಾಡೋ ಅಭ್ಯಾಸ ಒಂದೆರಡು ವಾರದಲ್ಲಿ ಬಂದ್ಬಿಡುತ್ತೆ. ಹಿಂಗೆ ಮಾಡಿದ್ರೂ ಹಾಗೇ ಇದ್ರೆ ಕಾಯಿಲೆ ಹುಡುಕ್ಬೇಕು. ನೀವು ಬರೆದಿರೋದ್ರಲ್ಲಿ ಬಿಸಿಯಾದ್ಮೇಲೆ ಜಾಸ್ತಿ ಆಗುತ್ತೆ ಅನ್ನೋ ಮಾತು ನನಗೆ ಮುಖ್ಯ ಅನ್ನಿಸ್ತು. ಟ್ರಾಫಿಕ್‌ನಲ್ಲಿ ತೆವಳುವಾಗ ಕ್ಲಚ್ ಅರ್ಧಂಬರ್ಧ ಹಿಡ್ಕೊಂಡು ಜಾರ್ತಾನೇ ಇರುತ್ತೆ, ಕಾಯುತ್ತೆ, ಕಾದಾಗ ಹಿಡಿಯೋ ಜಾಗ ಸ್ವಲ್ಪ ಸರಿಯುತ್ತೆ. ಪ್ಲೇಟ್ ಸವೆದಾಗಲೂ ಆ ಜಾಗ ಸರಿಯುತ್ತೆ. ಎಲ್ಲಿ ಹಿಡಿಯುತ್ತೆ ಅಂತ ಕಂಪ್ಯೂಟರ್ ನೆನಪಿಟ್ಟುಕೊಂಡಿರೋದು ಒಂದು, ನಿಜವಾಗಿ ಹಿಡಿಯೋದು ಇನ್ನೊಂದು ಆದಾಗ ಕ್ಲಚ್ ದಡಕ್ ಅಂತ ಕೂರುತ್ತೆ.

ಹಾಗಂತ ಮೊದಲೇ ಕ್ಲಚ್ ಬಿಚ್ಚಿಸ್ಬೇಡಿ ದಯವಿಟ್ಟು, ಕಮ್ಮಿ ಖರ್ಚಿನದ್ದು ಮೊದಲು ನೋಡಿಸಿ. ಬ್ಯಾಟರಿ ವೀಕ್ ಆಗಿದ್ರೆ ಆಕ್ಚುಯೇಟರ್ ಸರಿಯಾಗಿ ಕೆಲಸ ಮಾಡಲ್ಲ, ಅದನ್ನ ಟೆಸ್ಟ್ ಮಾಡಿಸಿ. ಎಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿಸಿ, ಇದನ್ನ ತುಂಬಾ ಜನ ಮರೀತಾರೆ, ನಮ್ಮ ಸಂಬಂಧಿಕರೊಬ್ಬರ ಕಾರಿಗೆ ಒಂದು ಗ್ಯಾರೇಜ್‌ನಲ್ಲಿ ಕ್ಲಚ್ ಸೆಟ್ ಪೂರ್ತಿ ಬದಲಾಯಿಸಿದ್ರು, ಜರ್ಕ್ ಮಾತ್ರ ಹೋಗ್ಲಿಲ್ಲ, ಆಮೇಲೆ ನೋಡಿದ್ರೆ ಒಂದು ಮೌಂಟಿಂಗ್ ಹರಿದು ಎಂಜಿನ್ನೇ ಹಿಂದೆ ಮುಂದೆ ಆಡ್ತಿತ್ತು, ಪಾಪ ಅವರು ಆ ದುಡ್ಡನ್ನ ಮಗಳ ಫೀಸಿಗೆ ಇಟ್ಟಿದ್ರು, ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಇದೆಲ್ಲಾ ಆದ್ಮೇಲೆ ಸ್ಕ್ಯಾನರ್ ಹಾಕಿಸಿ ಎರರ್ ಕೋಡ್ ಓದಿಸಿ, ಕ್ಲಚ್ ಕ್ಯಾಲಿಬ್ರೇಷನ್ ಮಾಡಿಸಿ, ಅಂದ್ರೆ ಹಿಡಿಯೋ ಜಾಗವನ್ನ ಕಂಪ್ಯೂಟರ್‌ಗೆ ಹೊಸದಾಗಿ ಕಲಿಸೋದು. ಎಷ್ಟೋ ಗಾಡಿ ಇಷ್ಟರಲ್ಲೇ ಸರಿಹೋಗುತ್ತೆ. ಆಗಲೂ ಹೋಗದಿದ್ರೆ, ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ಸ್ಪೀಡ್ ಏರದಿದ್ರೆ, ಆವಾಗ ಕ್ಲಚ್. ಹೊಸ ಕ್ಲಚ್ ಹಾಕಿದ ಮೇಲೂ ಕ್ಯಾಲಿಬ್ರೇಷನ್ ಆಗ್ಲೇಬೇಕು, ನಿಮ್ಮ ಗಾಡಿಗೆ ಅದನ್ನ ಮಾಡೋ ಸ್ಕ್ಯಾನರ್ ಇಲ್ಲದ ಗ್ಯಾರೇಜ್‌ಗೆ ಈ ಕೆಲಸ ಕೊಡ್ಲೇಬೇಡಿ.

ಪ್ರಶ್ನೆ: ಸರ್, ತಂಗಿಗೆ ಅಂತ ಹಳೇ ಎಎಂಟಿ ಗಾಡಿ ನೋಡಾಕತ್ತೇವ್ರಿ. ಟೆಸ್ಟ್ ಡ್ರೈವಿಗೆ ಹತ್ತ ನಿಮಿಷ ಅಷ್ಟ ಕೊಡ್ತಾರ. ಅಷ್ಟರಾಗ ಏನೇನ್ ನೋಡ್ಬೇಕ್ರಿ?
ಹುಬ್ಬಳ್ಳಿಯ ಓದುಗರು

ಉತ್ತರ: ಹತ್ತು ನಿಮಿಷ ಸಾಲದು, ಅರ್ಧ ಗಂಟೆ ಕೇಳಿ, ಕೊಡಲ್ಲ ಅಂದ್ರೆ ಆ ಗಾಡಿ ಬಿಟ್ಬಿಡಿ ಅನ್ನೋದೇ ನನ್ನ ಸಲಹೆ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ನೀವು ಬರೋ ಮುಂಚೆ ಯಾಕೆ ಸ್ಟಾರ್ಟ್ ಮಾಡಿದ್ರು ಅಂತ ಕೇಳಿ. ಎಣ್ಣೆ ಒತ್ತಡದ ಮೇಲೆ ಕೆಲಸ ಮಾಡೋ ಎಎಂಟಿಗಳಲ್ಲಿ ಡ್ರೈವರ್ ಬಾಗಿಲು ತೆಗೆದಾಗ ಅಥವಾ ಕೀ ಆನ್ ಮಾಡಿದಾಗ ಸಣ್ಣಗೆ ಝುಂಯ್ ಅಂತ ಪಂಪ್ ಸದ್ದು ಬರುತ್ತೆ, ಅದು ಸಹಜ, ಭಯ ಬೇಡ. ಆದ್ರೆ ಗಾಡಿ ಸುಮ್ನೆ ನಿಂತಿರುವಾಗಲೂ ಪಂಪ್ ಪದೇ ಪದೇ ಓಡ್ತಿದ್ರೆ ಒತ್ತಡ ಎಲ್ಲೋ ಸೋರ್ತಿದೆ ಅಂತ ಅರ್ಥ, ಆಕ್ಚುಯೇಟರ್ ರಿಪೇರಿ ಸಣ್ಣ ಖರ್ಚಲ್ಲ.

ಆಮೇಲೆ ಎನ್‌ನಿಂದ (ನ್ಯೂಟ್ರಲ್) ಡಿ, ಡಿಯಿಂದ ಆರ್ (ರಿವರ್ಸ್), ಹೀಗೆ ನಾಲ್ಕೈದು ಸಲ ಹಾಕಿ ತೆಗೆದು ನೋಡಿ, ಗೇರ್ ಬೀಳೋಕೆ ತಡ ಆಗ್ಬಾರ್ದು, ಲಟಕ್ ಅಂತ ಸದ್ದು ಬರ್ಬಾರ್ದು. ಎಲ್ಲಾದ್ರೂ ಏರು ಹುಡುಕಿ ರಿವರ್ಸ್‌ನಲ್ಲಿ ಹತ್ತಿಸಿ, ಸವೆದ ಕ್ಲಚ್ ಅಲ್ಲಿ ಬಚ್ಚಿಟ್ಟುಕೊಳ್ಳಲ್ಲ, ನಡುಗುತ್ತೆ ಇಲ್ಲಾ ಸುಟ್ಟ ವಾಸನೆ ಬರುತ್ತೆ. ಕೊನೇಗೆ ಬಿಸಿಯಾದ ಗಾಡೀನ ನಿಮ್ಮ ಸಂತೆ ರಸ್ತೆಯಂಥ ಕಡೆ ಬ್ರೇಕ್ ಬಿಟ್ಟು ಹಿಡಿದು ತೆವಳಿಸಿ. ಕ್ಲಚ್ ಹೊಸದು ಹಾಕಿದೀವಿ ಅಂದ್ರೆ ಬಿಲ್ ಕೇಳಿ. ಮತ್ತೆ, ಓಡಿಸೋದು ತಂಗಿ ಆದ್ರೆ ಟೆಸ್ಟ್ ಡ್ರೈವೂ ಅವರೇ ಮಾಡ್ಲಿ, ಈ ಗಾಡಿಯ ನಡಿಗೆ ಅವರ ಕಾಲಿಗೆ ಒಪ್ಪಬೇಕು.

ಪ್ರಶ್ನೆ: ಹೋದ ತಿಂಗಳು ಆಗುಂಬೆ ಘಾಟಿ ಹತ್ತುವಾಗ ಮುಂದೆ ಬಸ್ಸು ತಿರುಗ್ತಾ ಇತ್ತು ಅಂತ ಏರಲ್ಲೇ ನಿಲ್ಲಿಸಿದೆ, ಗಾಡಿ ಹಿಂದೆ ಹೋಗದಂಗೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡ್ಕೊಂಡಿದ್ದೆ. ಬೀಪ್ ಬೀಪ್ ಅಂತು, ಸುಟ್ಟ ವಾಸನೆ ಬಂತು. ಎಎಂಟಿ ಘಾಟಿಗೆ ಆಗಲ್ವಾ?
ಶಿವಮೊಗ್ಗದ ಓದುಗರು

ಉತ್ತರ: ಆಗುತ್ತೆ, ಆದ್ರೆ ಆಕ್ಸಿಲರೇಟರ್‌ನಲ್ಲಿ ಹಿಡ್ಕೊಂಡು ನಿಲ್ಲಿಸೋದು ಮಾತ್ರ ಬೇಡವೇ ಬೇಡ. ಆಗ ಎಂಜಿನ್ ತಿರುಗುತ್ತೆ, ಚಕ್ರ ನಿಂತಿರುತ್ತೆ, ಮಧ್ಯೆ ಕ್ಲಚ್ ಪ್ಲೇಟ್ ಉಜ್ಜಿ ಉಜ್ಜಿ ಸುಡುತ್ತೆ, ಬೀಪ್ ಬಂದಿದ್ದು ಕ್ಲಚ್ ಕಾದಿದೆ ಅಂತ. ಬ್ರೇಕ್ ಹಿಡೀರಿ, ಹೊತ್ತಾಗುತ್ತೆ ಅನ್ಸಿದ್ರೆ ಹ್ಯಾಂಡ್‌ಬ್ರೇಕ್ ಎಳೀರಿ, ಹೊರಡುವಾಗ ಆಕ್ಸಿಲರೇಟರ್ ಕೊಟ್ಟು ಗಾಡಿ ಮುಂದೆ ಎಳೆಯೋದು ಗೊತ್ತಾದಾಗ ಹ್ಯಾಂಡ್‌ಬ್ರೇಕ್ ಬಿಡಿ. ಆ ಹದಿನಾಲ್ಕು ತಿರುವಿಗೂ ಮ್ಯಾನ್ಯುಯಲ್ ಮೋಡ್‌ನಲ್ಲೇ ಇರಿ, ಡಿಯಲ್ಲಿ ಬಿಟ್ರೆ ತಿರುವಿನ ಮಧ್ಯದಲ್ಲೇ ಗೇರ್ ಬದಲಾಯಿಸಿ ಎಳೆತ ತಪ್ಪುತ್ತೆ. ಇಳಿಯುವಾಗಲೂ ಒಂದು ಅಥವಾ ಎರಡನೇ ಗೇರಲ್ಲಿ ಇಳೀರಿ, ಬ್ರೇಕ್ ಅಷ್ಟಾಗಿ ಬಿಸಿಯಾಗಲ್ಲ. ಮತ್ತೆ ಬೀಪ್ ಬಂದ್ರೆ ಅಗಲ ಇರೋ ಕಡೆ ಪಕ್ಕಕ್ಕೆ ಹಾಕಿ, ನ್ಯೂಟ್ರಲ್‌ಗೆ ತಂದು ಹತ್ತು ಹದಿನೈದು ನಿಮಿಷ ಆರೋಕೆ ಬಿಡಿ.

ಪ್ರಶ್ನೆ: ಸಿಗ್ನಲ್‌ನಲ್ಲಿ ಡಿಯಲ್ಲೇ ಇಟ್ಟು ಬ್ರೇಕ್ ಹಿಡಿದ್ರೆ ಕ್ಲಚ್ ಸವೆಯುತ್ತಾ? ನಮ್ಮ ಗಾಡಿಗೆ ಪಿ ಅನ್ನೋದೇ ಇಲ್ಲ, ಪಾರ್ಕ್ ಮಾಡುವಾಗ ಎನ್‌ನಲ್ಲಿ ಬಿಡ್ತೀನಿ, ಸರೀನಾ?
ಮೈಸೂರಿನ ಓದುಗರು

ಉತ್ತರ: ಬ್ರೇಕ್ ಪೂರ್ತಿ ಒತ್ತಿದ್ರೆ ಕ್ಲಚ್ ಹಿಡಿತ ಬಿಟ್ಟೇ ಇರುತ್ತೆ ಮೇಡಂ, ಪ್ಲೇಟ್ ಸವೆಯಲ್ಲ, ಆದ್ರೆ ಅದನ್ನ ಬಿಡಿಸಿ ಹಿಡ್ಕೊಂಡಿರೋ ಭಾರ ಆಕ್ಚುಯೇಟರ್ ಮೇಲಿರುತ್ತೆ, ಹಾಗಾಗಿ ಉದ್ದದ ಸಿಗ್ನಲ್ ಆದ್ರೆ ಎನ್‌ಗೆ ಹಾಕಿ. ಪಾರ್ಕಿಂಗ್‌ಗೆ ಎನ್ ಸರಿಯಲ್ಲ. ಇಂಥ ಗಾಡೀಲಿ ಪಿ ಕೆಲಸವನ್ನ ಗೇರೇ ಮಾಡ್ಬೇಕು, ಬ್ರೇಕ್ ಒತ್ತಿ ಹ್ಯಾಂಡ್‌ಬ್ರೇಕ್ ಎಳೆದು, ಡಿ ಅಥವಾ ಆರ್‌ಗೆ ಹಾಕಿ, ಡಿಸ್‌ಪ್ಲೇಯಲ್ಲಿ 1 ಅಥವಾ ಆರ್ ಬಂದಿದ್ದು ನೋಡ್ಕೊಂಡು ಆಮೇಲೆ ಕೀ ಆಫ್ ಮಾಡಿ.