ಮನೆಯಲ್ಲೇ ಮಾಡಿದ ಸರ್ಕ್ಯೂಟ್ ಬೋರ್ಡ್ ಮೇಲೆ ಸೋಲ್ಡರ್ ಪೇಸ್ಟ್ ಕರಗಿದರೂ ಪ್ಯಾಡ್‌ಗೆ ಹಿಡಿಯದೆ ಗುಂಡುಗುಂಡಾಗಿ ಚದುರುವುದೇಕೆ?

ಪೇಸ್ಟ್ ಹೊಸಾದು, ಸೀಸ ಇರೋ 63/37 (ನೂರಕ್ಕ 63 ಪಾಲು ತವರ, 37 ಪಾಲು ಸೀಸ), ಫ್ರಿಜ್ಜಿನಾಗ ಇಟ್ಟಿದ್ದೆ, ಆದ್ರೂ ಸಾಸಿವಿ ಕಾಳಿನಂಗ ಸಿಡೀತದ ಅಂತ ಬರದೀರಿ. ಶಾಖ ಹೆಚ್ಚು ಮಾಡೂದಕ್ಕ ಹೋಗಬ್ಯಾಡ್ರಿ. ತಪ್ಪು ಪೇಸ್ಟಿಂದೋ ಬೋರ್ಡಿಂದೋ ಅನ್ನೂದು ಮೊದಲ ಗೊತ್ತಾಗಬೇಕು.

ತಾಮ್ರದ ಬೋರ್ಡಿಂದು ಒಂದು ಚೂರು ತಗೊಂಡು, ಸ್ಟೀಲ್ ವೂಲ್ ಹಚ್ಚಿ ಹೊಳಿಯೋ ಹಂಗ ತಿಕ್ಕಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರಸ್ರಿ. ಜ್ವಾಳದ ಕಾಳಿನಷ್ಟು ಪೇಸ್ಟ್ ಇಟ್ಟು ಕಾಯಿಸ್ರಿ. ಎಲ್ಲಾ ಒಂದಾಗಿ ಕರಗಿ ಹರಡಿದ್ರ ಪೇಸ್ಟ್ ಚಲೋ ಅದ, ತಪ್ಪು ಬೋರ್ಡಿಂದು. ಅಲ್ಲೂ ರವಾದಂಗ ಉಳದ್ರ ತಪ್ಪು ಪೇಸ್ಟಿಂದು.

ನಾನು ಧಾರವಾಡದಾಂವ. ಇಲ್ಲಿ ಜುಲೈದ ಜಿಟಿಜಿಟಿ ಮಳಿಯಾಗ ನನಗ ಎರಡೂ ತಪ್ಪು ಕೂಡೇ ಆಗಿದ್ವು. ಫ್ರಿಜ್ಜಿನಿಂದ ತಗದ ಡಬ್ಬಿ ಮುಚ್ಚಳ ಆಗಿಂದಾಗ ಬಿಚ್ಚಿದ್ದೆ. ತಣ್ಣನ ಪೇಸ್ಟಿನ ಮ್ಯಾಲ ಗಾಳಿಯ ತೇವ ನೀರಾಗಿ ಕೂಡ್ತದ. ಕಾಯಿಸಿದಾಗ ಅದು ಆವಿಯಾಗಿ ಸೋಲ್ಡರ್ ಸಿಡಸ್ತದ. ಈಗ ಸಂಜಿ ಕೆಲಸ ಇದ್ರ ಮಧ್ಯಾಹ್ನದ ಊಟದ ಹೊತ್ತಿಗೇ ಡಬ್ಬಿ ಹೊರಗಿಟ್ಟು, ನಾಕು ತಾಸು ಮುಚ್ಚಳ ಮುಟ್ಟಂಗಿಲ್ಲ.

ಇನ್ನೊಂದು ತಪ್ಪು ಅಂದ್ರ, ಬೋರ್ಡ್ ಹಿಂದಿನ ದಿನ ಎಚ್ ಮಾಡಿ (ಬ್ಯಾಡಾದ ತಾಮ್ರ ರಸಾಯನದಾಗ ಕರಗಿಸಿ) ಇಟ್ಟಿದ್ದು. ಹುಣಸಿಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಚರಗಿ ಮಳಿಗಾಲದಾಗ ಎಷ್ಟು ಲಗೂ ಮಂಕಾಗ್ತದ ನೋಡೀರಲ್ಲ, ಹಂಗ. ಫ್ಯಾಕ್ಟರಿ ಬೋರ್ಡಿನ ಪ್ಯಾಡಿಗೆ ತವರದ್ದೋ ಚಿನ್ನದ್ದೋ ಲೇಪ ಇರ್ತದ, ನಮ್ಮದು ಬರೇ ತಾಮ್ರ. ಪೇಸ್ಟ್ ಹಚ್ಚೂಕಿಂತ ಸ್ವಲ್ಪ ಮೊದಲ ತಿಕ್ರಿ, ಆಮ್ಯಾಲ ಬಟ್ಟು ತಾಗಿಸಬ್ಯಾಡ್ರಿ. ಬೋರ್ಡಿಗೆ ಹುಣಸಿಹಣ್ಣು ಮಾತ್ರ ಬ್ಯಾಡ, ಹುಳಿ ಉಳದ್ರ ಟ್ರ್ಯಾಕ್ ತಿಂತದ. ಸೋಲ್ಡರ್ ಮಾಸ್ಕ್ (ಪ್ಯಾಡ್ ಬಿಟ್ಟು ಉಳದ ತಾಮ್ರ ಮುಚ್ಚೋ ಲೇಪ) ಇಲ್ಲದ ಬೋರ್ಡಿನಾಗ ಕರಗಿದ ಸೋಲ್ಡರ್ ಟ್ರ್ಯಾಕ್ ಗುಂಟ ಹರದು ಜಾಯಿಂಟ್ ಬಡಕಲಾಗೂದೂ ಉಂಟು.

63/37 ಕರಗೂದು 183 ಡಿಗ್ರಿಗೆ. ನಾನು 150ರ ಹತ್ರ ಒಂದು ಒಂದೂವರೆ ನಿಮಿಷ ನಿಲ್ಲಿಸಿ, 210ರ ತನಕ ಏರಿಸಿ, ಎಲ್ಲಾ ಹೊಳದ ಮ್ಯಾಲ ಅರ್ಧ ನಿಮಿಷದಾಗ ಇಳಸ್ತೀನಿ. ಭಾಳ ನಿಧಾನ ಕಾಯಿಸಿದ್ರ ಸೋಲ್ಡರ್ ಕರಗೂದರಾಗ ಫ್ಲಕ್ಸ್ (ಪೇಸ್ಟಿನಾಗ ಇದ್ದು ತಾಮ್ರದ ಮಂಕು ತಗಿಯೋ ರಸಾಯನ) ಸತ್ತು ಹೋಗಿರ್ತದ. ಹಾಟ್‌ಪ್ಲೇಟಿನ ಅಂಕಿ ನಂಬಬ್ಯಾಡ್ರಿ, ಥರ್ಮೋಕಪಲ್ (ಶಾಖ ಅಳಿಯೋ ತಂತಿ) ಬೋರ್ಡಿಗೇ ಅಂಟಿಸ್ರಿ.

138 ಡಿಗ್ರಿಗೆ ಕರಗೋ ಬಿಸ್ಮತ್ ಪೇಸ್ಟ್ ತಗೋ ಅಂತ ಯಾರರ ಹೇಳಿದ್ರ, ಹಳೇ ಸೀಸದ ಸೋಲ್ಡರ್ ಪೂರ್ತಿ ತಗದು ಹಚ್ರಿ. ತವರ, ಸೀಸ, ಬಿಸ್ಮತ್ ಮೂರೂ ಕೂಡಿದ್ರ 96 ಡಿಗ್ರಿಗೇ ಕರಗೋ ಮಿಶ್ರಣ ಹುಟ್ಟತದ. ಬಿಸಿಯಾಗೋ ರೆಗ್ಯುಲೇಟರ್ ಕೆಳಗ ಅದು ನಿಲ್ಲಂಗಿಲ್ಲ.

ರೊಟ್ಟಿ ಹಂಚಿನ ಮ್ಯಾಲ ಮಾಡ್ತಿದ್ರ, ಸೀಸ ತಾಗಿದ ಆ ಹಂಚು ಮತ್ತ ಅಡಗಿಮನಿಗೆ ಒಯ್ಯಬ್ಯಾಡ್ರಿ.